ಕರೆಯದವರು ಸುಮ್ಮನಿರಬೇಕು

ಒಂದೇ ತಂತಿಯ ಮೇಲೆ ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ತಿಳಿಯುವುದಿಲ್ಲ. 1980ರ ದಶಕದಲ್ಲಿ ಮೊಟೊರೋಲಾ ಕಂಪನಿ ರೂಪಿಸಿದ ‘ಎಸ್‌ಪಿಐ’ ವ್ಯವಸ್ಥೆ ಈ ತೊಡಕಿಗೆ ಸರಳ ಉಪಾಯ ಮಾಡಿತು. ಅದರ ಮೂರು ತಂತಿಗಳು ಎಲ್ಲ ಚಿಪ್‌ಗಳಿಗೂ ಸೇರಿದ್ದು: ಒಂದು ತಾಳ ಹಾಕುತ್ತದೆ, ಒಂದು ಮಾತು ಒಯ್ಯುತ್ತದೆ, ಇನ್ನೊಂದು ಉತ್ತರ ತರುತ್ತದೆ. ನಾಲ್ಕನೆಯದಾದ ‘ಚಿಪ್ ಸೆಲೆಕ್ಟ್’ ಮಾತ್ರ ಪ್ರತಿಯೊಂದಕ್ಕೂ ಬೇರೆ. ತರಗತಿಯಲ್ಲಿ ಮಾಸ್ತರರು ಹೆಸರು ಕೂಗಿದಂತೆ ಅದು. ಆ ತಂತಿಯ ವೋಲ್ಟೇಜ್ ಇಳಿದರೆ ಕರೆ ಬಂತೆಂದು ಅರ್ಥ. ಏರಿದ್ದರೆ ಬಾಯಿ ಮುಚ್ಚಿರಬೇಕು.

2019ರ ಆಗಸ್ಟ್‌ನಲ್ಲಿ, ಸವದತ್ತಿಯ ನವಿಲುತೀರ್ಥ ಅಣೆಕಟ್ಟೆಯ ಕೆಳಗೆ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿತು. ಬೈಲಹೊಂಗಲದಲ್ಲಿರುವ ನನ್ನ ಅಕ್ಕನ ಮಗಳು ಅದನ್ನು ಮರೆತಿರಲಿಲ್ಲ. ಕಾಲೇಜಿನ ಪ್ರಾಜೆಕ್ಟಿಗೆಂದು ಹೊಳೆಯ ಮಟ್ಟ ಅಳೆಯುವ ಯಂತ್ರ ಕಟ್ಟತೊಡಗಿದಳು. ಅಳತೆ ಬರೆದಿಡಲು ಎಸ್‌ಡಿ ಕಾರ್ಡು, ದೂರಕ್ಕೆ ಕಳಿಸಲು ರೇಡಿಯೊ. ಎರಡೂ ಅದೇ ಮೂರು ತಂತಿಗಳ ಮೇಲೆ.

“ಮಾಮಾ, ಒಂದೊಂದ ಹಚ್ಚಿದ್ರ ಎರಡೂ ಚಲೋ ನಡೀತಾವ. ಕೂಡಿಸಿದ್ರ ಒಂದೂ ನಡ್ಯಂಗಿಲ್ಲ” ಎಂದಳು.

“ರೇಡಿಯೊ ಕೆಟ್ಟಿರಬೇಕು, ಹೊಸಾದ ತರಸೂಣು” ಎಂದರು ಭಾವ.

ಬೇರೆಯಾಗಿ ನಡೆಯುವುದು ಕೆಟ್ಟಿದೆ ಎನ್ನುವುದು ಹೇಗೆ? ನಾವು ಒಂದೊಂದೇ ತಂತಿ ನೋಡಿದೆವು. ವಿದ್ಯುತ್ ಕೊಟ್ಟ ಕೂಡಲೆ ಪ್ರೋಗ್ರಾಮು ಕಾರ್ಡನ್ನು ಎಬ್ಬಿಸುತ್ತಿತ್ತು. ಆಗ ರೇಡಿಯೊದ ಚಿಪ್ ಸೆಲೆಕ್ಟ್ ಮೇಲೂ ಇಲ್ಲ, ಕೆಳಗೂ ಇಲ್ಲ. ತನ್ನನ್ನೇ ಕರೆದರೆಂದು ಅದೂ ಬಾಯಿ ಹಾಕುತ್ತಿತ್ತು. ಎರಡೂ ಚಿಪ್ ಸೆಲೆಕ್ಟ್‌ಗಳಿಂದ 3.3 ವೋಲ್ಟಿಗೆ 10 ಕಿಲೋಓಮ್‌ನ ರೆಸಿಸ್ಟರ್ ಹಾಕಿದಳು. ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಎರಡನ್ನೂ ಮೇಲೇರಿಸಿದಳು. ಕಾರ್ಡು ಎದ್ದಿತು.

ರೇಡಿಯೊ ಮಾತ್ರ ತಪ್ಪು ಉತ್ತರವನ್ನೇ ಕೊಡುತ್ತಿತ್ತು. ಕಾರ್ಡಿನ ಉತ್ತರದ ತಂತಿ ಕಿತ್ತರೆ ಅದು ಸರಿ! ಕೆಲವು ಅಗ್ಗದ ಕಾರ್ಡ್ ಮಾಡ್ಯೂಲುಗಳಲ್ಲಿ ಉತ್ತರವನ್ನು ದಾಟಿಸುವ ಬಫರ್ ಚಿಪ್‌ಗೆ ಬಿಡುವೇ ಇರುವುದಿಲ್ಲ. ಅದನ್ನು ತೆರೆದು ಮುಚ್ಚುವ ಕಾಲನ್ನು ಕಾಯಂ ಆಗಿ ಗ್ರೌಂಡಿಗೆ ಸೇರಿಸಿರುತ್ತಾರೆ. ಹೀಗಾಗಿ ಕಾರ್ಡು ಸುಮ್ಮನಿದ್ದರೂ ಬಫರು ತಂತಿಯನ್ನು ಹಿಡಿದೇ ಇರುತ್ತದೆ. ಆ ಕಾಲನ್ನು ಬಿಡಿಸಿ ಕಾರ್ಡಿನ ಚಿಪ್ ಸೆಲೆಕ್ಟ್‌ಗೆ ಬೆಸೆದಳು. ಅಂದಿನಿಂದ ಎರಡೂ ಸರದಿಯಂತೆ ಮಾತಾಡುತ್ತಿವೆ.

ಹೊಸ ರೇಡಿಯೊ ತಂದಿದ್ದರೆ ಹಣವೂ ಹೋಗುತ್ತಿತ್ತು, ತಪ್ಪೂ ಉಳಿಯುತ್ತಿತ್ತು. ಮಕ್ಕಳ ಯಂತ್ರ ನಿಂತಾಗ ಹಿರಿಯರು ‘ಹೊಸದು ಕೊಡಿಸಲೇ?’ ಎನ್ನುವ ಮೊದಲು ‘ಒಂದನ್ನು ತೆಗೆದು ನೋಡಿದೆಯಾ?’ ಎಂದು ಕೇಳಲಿ. ಆ ಪ್ರಶ್ನೆ ಕೇಳಲು ಎಂಜಿನಿಯರ್ ಆಗಬೇಕಿಲ್ಲ.