ಕೈಯಿಂದ ಕೈಗೆ

ಗೂಡಲೂರಿನಲ್ಲಿ ಆಗಸ್ಟ್ ಎಂದರೆ ಮಳೆಯ ತಿಂಗಳು. ಹಿಂದೊಂದು ವರ್ಷ ಸ್ವಾತಂತ್ರ್ಯ ದಿನದ ಬೆಳಿಗ್ಗೆ ಧ್ವಜವು ನೆನೆದು ಕಂಬಕ್ಕೆ ಅಂಟಿಕೊಂಡಿತ್ತು. ನಮ್ಮ ಸಮಾರಂಭವೂ ಹತ್ತು ನಿಮಿಷಗಳಲ್ಲಿ ಮುಗಿದುಹೋಯಿತು. ಮಿಠಾಯಿ ಹಂಚುವಾಗ ಮಸಿನಗುಡಿಯ ಕಡೆಯ ಹುಡುಗನೊಬ್ಬನು, “ಮೇಷ್ಟ್ರೇ, ಈ ದಿನ ನಾವು ಮಾಡಬೇಕಾದ ಕೆಲಸವೇನು?” ಎಂದು ಕೇಳಿದನು. “ಸಾಲಾಗಿ, ಸದ್ದಿಲ್ಲದೆ ನಿಲ್ಲುವುದು” ಎಂದೆನು. ಅವನು ಕ್ಷಣಕಾಲ ಯೋಚಿಸಿ, “ತೆಪ್ಪಕಾಡಿನಲ್ಲಿ ಆನೆಗಳಾದರೂ ಸೊಂಡಿಲೆತ್ತಿ ಧ್ವಜಕ್ಕೆ ವಂದಿಸುತ್ತವೆ” ಎಂದನು. ಎಲ್ಲರೂ ನಕ್ಕರು; ನಾನೂ ನಕ್ಕೆನು. ಆದರೆ ಆ ಮಾತು ಮುಳ್ಳಿನಂತೆ ಮನಸ್ಸಿನಲ್ಲಿ ಉಳಿಯಿತು.

ಮುಂದೆ, ಮಧ್ಯ ಅಮೆರಿಕದ ಕೋಸ್ಟರಿಕಾ ಎಂಬ ಪುಟ್ಟ ದೇಶದ ಸಂಗತಿಯನ್ನು ಓದಿದಾಗ ಅದಕ್ಕೆ ಉತ್ತರ ದೊರೆಯಿತು. ನಮ್ಮ ಬೆಟ್ಟಗಳಂತೆ ಅದೂ ಕಾಫಿ ಬೆಳೆಯುವ ನಾಡು. ಅದರ ಸ್ವಾತಂತ್ರ್ಯ ದಿನವೂ ಮಳೆಗಾಲದಲ್ಲಿಯೇ ಬರುವುದು. 1821ರ ಸೆಪ್ಟೆಂಬರ್ 15ರಂದು ಗ್ವಾಟೆಮಾಲ ನಗರದಲ್ಲಿ, ಸ್ಪೇನಿನ ಆಳ್ವಿಕೆಯಿಂದ ಬಿಡುಗಡೆಯಾಯಿತೆಂದು ಸಾರಿದರು. ಆ ಸುದ್ದಿಯು ಕೋಸ್ಟರಿಕಾದ ಅಂದಿನ ರಾಜಧಾನಿ ಕಾರ್ತಾಗೊವನ್ನು ಮುಟ್ಟಿದ್ದು ಅಕ್ಟೋಬರ್ 13ರಂದು! ಸುಮಾರು ಒಂದು ತಿಂಗಳ ಕಾಲ ಅಲ್ಲಿಯ ಜನರು ಬಿಡುಗಡೆಯನ್ನು ಅರಿಯದೆಯೇ ಬದುಕಿದ್ದರು.

ಆ ಸುದ್ದಿಯ ಪಯಣವನ್ನು ನೆನೆದು, ಗ್ವಾಟೆಮಾಲದಿಂದ ಪಂಜೊಂದನ್ನು ವಿದ್ಯಾರ್ಥಿಗಳು ಕೈಯಿಂದ ಕೈಗೆ ದಾಟಿಸುತ್ತ ಓಡಿ ತರುವ ಸಂಪ್ರದಾಯ 1964ರಲ್ಲಿ ಮೊದಲಾಯಿತು. ಸೆಪ್ಟೆಂಬರ್ 14ರ ಸಂಜೆ ಅದು ಕಾರ್ತಾಗೊವನ್ನು ಸೇರುವುದು. ಆರು ಗಂಟೆಗೆ ನಾಡಿಗೆ ನಾಡೇ ರಾಷ್ಟ್ರಗೀತೆಯನ್ನು ಹಾಡುವುದು. ಬಳಿಕ ಚಿಕ್ಕ ಮಕ್ಕಳು ಕಾಗದದ ಗೂಡುದೀಪಗಳನ್ನು ಹಿಡಿದು ಬೀದಿಗಳಲ್ಲಿ ನಡೆಯುವರು. ಮರುದಿನದ ಮೆರವಣಿಗೆಯಲ್ಲಿ ತೋಪುಗಳಿಲ್ಲ. 1948ರಲ್ಲಿಯೇ ಆ ದೇಶವು ಸೈನ್ಯವನ್ನು ರದ್ದುಮಾಡಿತು. ನಗಾರಿ ಬಾರಿಸುತ್ತ ಮುನ್ನಡೆಯುವವರು ಶಾಲೆಯ ಮಕ್ಕಳೇ.

ಸ್ವಾತಂತ್ರ್ಯವೆಂಬುದು ಒಮ್ಮೆ ಬಂದು ಮುಗಿದ ಸುದ್ದಿಯಲ್ಲ. ಪ್ರತಿಯೊಂದು ಪೀಳಿಗೆಗೂ ಯಾರಾದರೂ ಹೊತ್ತು ತಂದು ಮುಟ್ಟಿಸಬೇಕಾದ ಸುದ್ದಿ. ನೀಲಗಿರಿಯ ಕನ್ನಡಿಗರಿಗೆ ಇದು ಬೇಗ ಅರ್ಥವಾಗಬೇಕು. 1956ರಲ್ಲಿ ಭಾಷೆಗನುಗುಣವಾಗಿ ರಾಜ್ಯಗಳ ಗಡಿಗಳನ್ನು ಬದಲಿಸಿದಾಗ ಈ ಬೆಟ್ಟಗಳು ಮದರಾಸು ರಾಜ್ಯದಲ್ಲಿಯೇ ಉಳಿದವು. ಇಲ್ಲಿಯ ಮನೆಗಳಲ್ಲಿ ಕನ್ನಡವು ಉಳಿದು ಬಂದಿರುವುದೂ ಹಿರಿಯರು ಕಿರಿಯರಿಗೆ ದಾಟಿಸಿದ್ದರಿಂದಲ್ಲವೇ? ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ನಾನು ಅವರ ಕೈಗೆ ಏನನ್ನೂ ಕೊಟ್ಟಿರಲಿಲ್ಲ.

ಮರುವರ್ಷ ಆಗಸ್ಟ್ 14ರ ಸಂಜೆ ಮಕ್ಕಳು ಬಿದಿರಿನ ಕಡ್ಡಿ, ಬಣ್ಣದ ಕಾಗದಗಳಿಂದ ದೀಪಗಳನ್ನು ಕಟ್ಟಿ ತಂದರು. ಜಡಿಮಳೆ ತುಸು ಬಿಡುವು ಕೊಟ್ಟಿತ್ತು. ಆ ಹುಡುಗನ ದೀಪವು ಗಾಳಿಗೆ ಎರಡು ಸಲ ಆರಿತು; ಎರಡು ಸಲವೂ ಪಕ್ಕದವಳ ದೀಪದಿಂದ ಹೊತ್ತಿಸಿಕೊಂಡು ನಡೆದನು. ಅಂದು ನಾನು ಯಾರಿಗೂ ನಿಲ್ಲಿರೆಂದು ಹೇಳಲಿಲ್ಲ.