ಬೆಳಕಿಗೆ ಹೆದರುವ ಕ್ಯಾಮೆರಾ

ಈ ಸಲದ ಅಭ್ಯಾಸ ಬೋಧನೆಗೆ ನಮ್ಮ ಭೌತವಿಜ್ಞಾನ ಗುಂಪಿನ ನಾಲ್ವರಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ ಒಂದೊಂದು ಪ್ರೌಢಶಾಲೆ ಸಿಕ್ಕಿತ್ತು. ನನ್ನ ಪಾಲಿಗೆ ಬಂದದ್ದು ಜಗಳೂರು. ಹತ್ತನೇ ತರಗತಿಗೆ ಕಣ್ಣಿನ ಪಾಠ. ಬೆಳಕು ಹೆಚ್ಚಾದಾಗ ಪಾಪೆ ಕುಗ್ಗುತ್ತದೆ ಎಂದು ಹೇಳಿದ ಮೇಲೆ, ಹಾಗೆ ತಾನಾಗಿ ಕುಗ್ಗುವ ಪಾಪೆಯಿಲ್ಲದ ಒಂದು ಕಣ್ಣಿನ ಉದಾಹರಣೆಗೆ ಪಾಠಯೋಜನೆಯಲ್ಲಿ ಹತ್ತು ನಿಮಿಷ ಇಟ್ಟುಕೊಂಡಿದ್ದೆ.

ಆ ಕಣ್ಣು ಇರುವುದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಅದರಲ್ಲಿ ಯುವಿಐಟಿ ಎಂಬ ನೇರಳಾತೀತ ದೂರದರ್ಶಕವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ, ಹೊಸಕೋಟೆಯ ಪ್ರಯೋಗಾಲಯದಲ್ಲಿ ಅದನ್ನು ಜೋಡಿಸಿದರು. ಅದರ ಕ್ಯಾಮೆರಾದ ಹೃದಯವೇ ಇಮೇಜ್ ಇಂಟೆನ್ಸಿಫೈಯರ್, ಅಂದರೆ ಬಿಂಬವರ್ಧಕ. ಒಂದು ಫೋಟಾನ್ ಬಂದು ಫೋಟೋಕ್ಯಾಥೋಡಿಗೆ ಬಡಿದರೆ ಒಂದು ಎಲೆಕ್ಟ್ರಾನ್ ಹೊರಬರುತ್ತದೆ. ಅದು ಕೂದಲೆಳೆಗಿಂತ ಸಣ್ಣ ರಂಧ್ರಗಳಿರುವ ಗಾಜಿನ ಬಿಲ್ಲೆಯೊಳಗೆ ನುಗ್ಗಿ, ಗೋಡೆಗೆ ಬಡಿಬಡಿದು ಲಕ್ಷಗಟ್ಟಲೆ ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ. ಅವು ರಂಜಕ ಪರದೆಯ ಮೇಲೆ ಬಿದ್ದಾಗ ಕಾಣುವ ಚುಕ್ಕೆಯನ್ನು ಸೆನ್ಸರ್ ದಾಖಲಿಸುತ್ತದೆ. ಇದನ್ನೆಲ್ಲ ನಡೆಸುವುದು ಸಾವಿರಾರು ವೋಲ್ಟಿನ ವಿದ್ಯುತ್.

ಹುಣಸೆ ಬೀಜ ತಂದಿದ್ದೆ. ಮೊದಲನೆಯವಳ ಕೈಯಲ್ಲಿ ಒಂದು, ಮುಂದಿನವರಿಗೆ ಪ್ರತಿ ಸಲ ಇಮ್ಮಡಿ. ಏಳನೇ ಇಮ್ಮಡಿಗೆ 128. ಆಮೇಲೆ ನಾಲ್ಕು ಬೀಜದಿಂದ ಶುರುಮಾಡಿದೆವು. ಐದನೆಯದಕ್ಕೇ 128 ಬಂತು. ಬೆಳಕು ಸ್ವಲ್ಪ ಹೆಚ್ಚಿದರೂ ಕೊನೆಯ ತುದಿಯಲ್ಲಿ ಏನಾಗುತ್ತದೆಂದು ಮಕ್ಕಳೇ ಹೇಳಿದರು. ಪರದೆ ಸುಡಬಹುದು, ಗಾಜಿನ ಬಿಲ್ಲೆಯ ಶಕ್ತಿ ಕುಂದಬಹುದು, ಫೋಟೋಕ್ಯಾಥೋಡ್ ಹಾಳಾಗಬಹುದು ಎಂಬುದನ್ನಷ್ಟೇ ನಾನು ಸೇರಿಸಿದೆ.

"ಮೇಡಂ, ಅಲ್ಲಿ ಮೇಲೆ ಆಫ್ ಮಾಡೋರು ಯಾರು?" ಎಂದು ಒಬ್ಬಳು ಕೇಳಿದಳು. ಉತ್ತರ ಹಿಂದಿನ ಬೆಂಚಿನಿಂದ ಬಂತು: "ಲೋಡ್ ಜಾಸ್ತಿ ಆದ್ರೆ ಸ್ಟಾರ್ಟರ್ ತಾನೇ ಟ್ರಿಪ್ ಆಗಲ್ವೇನೇ?" ಕೊಳವೆಬಾವಿಯ ಊರಿನ ಹುಡುಗ!

ಬಹುಮಟ್ಟಿಗೆ ಅವನು ಹೇಳಿದ್ದೇ ಸರಿ. ಅತಿ ಪ್ರಕಾಶ ಬಿದ್ದರೆ ಯುವಿಐಟಿಯ ವಿದ್ಯುನ್ಮಾನ ವ್ಯವಸ್ಥೆ ನೆಲದಿಂದ ಆದೇಶ ಬರುವವರೆಗೆ ಕಾಯದೆ ಹೈವೋಲ್ಟೇಜ್ ಕಡಿದುಬಿಡುತ್ತದೆ. ಆದರೆ ಅದು ಕೊನೆಯ ಕಾವಲು ಮಾತ್ರ. ಅದಕ್ಕೂ ಮೊದಲು, ನೋಡಬೇಕಾದ ಆಕಾಶದ ತುಣುಕಿನಲ್ಲಿ ತೀರಾ ಪ್ರಕಾಶದ ನಕ್ಷತ್ರವಿದೆಯೇ ಎಂದು ಪಟ್ಟಿ ನೋಡಿ ಖಚಿತಪಡಿಸಿಕೊಳ್ಳುತ್ತಾರೆ. ಉಪಗ್ರಹ ಭೂಮಿಯ ನೆರಳಿನಲ್ಲಿರುವಾಗಲೇ ಚಿತ್ರ ತೆಗೆಯುತ್ತಾರೆ. ಫಿಲ್ಟರ್ ಚಕ್ರದಲ್ಲಿ ಬೆಳಕನ್ನೇ ತಡೆಯುವ ಒಂದು ಜಾಗವಿದೆ. ವೋಲ್ಟೇಜನ್ನು ಒಮ್ಮೆಲೇ ಕೊಡದೆ ಹಂತಹಂತವಾಗಿ ಏರಿಸುತ್ತಾರೆ. ಉಡಾವಣೆಯಾದ ಮೇಲೆ ಸುಮಾರು ಎರಡು ತಿಂಗಳು ದೂರದರ್ಶಕದ ಮುಚ್ಚಳವನ್ನೇ ತೆಗೆಯಲಿಲ್ಲ. ಅದು ಬೇರೆ ಕಾರಣಕ್ಕೆ, ಉಪಗ್ರಹದಿಂದ ಹೊರಬರುವ ಆವಿ ಕನ್ನಡಿಗೆ ಅಂಟದಿರಲೆಂದು.

ಸ್ಟಾರ್ಟರ್ ಹೋಲಿಕೆ ಒಂದು ಕಡೆ ಕೈಕೊಡುತ್ತದೆ. ಕರೆಂಟ್ ಬಂದ ಕೂಡಲೇ ಮೋಟರ್ ಓಡಲೆಂದು ನಮ್ಮ ರೈತರು ಆಟೋ ಸ್ಟಾರ್ಟರ್ ಹಾಕಿಸುತ್ತಾರೆ. ಬಿಂಬವರ್ಧಕಕ್ಕೆ ಅದು ನಡೆಯದು. ಯಾಕೆ ಕಡಿಯಿತೆಂದು ತಿಳಿಯದೆ ಮತ್ತೆ ಚಾಲೂ ಮಾಡುವುದೇ ದೊಡ್ಡ ಅಪಾಯ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿದೆ.

ವೀಕ್ಷಣೆಗೆ ಬಂದಿದ್ದ ಮಾರ್ಗದರ್ಶಕರು ಪುಸ್ತಕದಲ್ಲಿ "ಉತ್ತಮ, ಆದರೆ ಪಠ್ಯದಾಚೆ" ಎಂದು ಬರೆದರು. ಪರೀಕ್ಷೆಯ ದೃಷ್ಟಿಯಿಂದ ಅವರ ಮಾತು ಸರಿ. ಆದರೆ ಪ್ರಯೋಗಾಲಯದಲ್ಲಿ ನಾವು ಸುರಕ್ಷತೆಯನ್ನು ಗೋಡೆಯ ಮೇಲಿನ ನಿಯಮಪಟ್ಟಿಯಾಗಿ ಕಲಿಸುತ್ತೇವೆ, ಭೌತವಿಜ್ಞಾನವಾಗಿ ಅಲ್ಲ ಎಂಬುದು ನನ್ನ ತಕರಾರು. ಮುಂದಿನ ವಾರ ವಿದ್ಯುತ್ ಮಂಡಲದ ಪಾಠ. ಮಲ್ಟಿಮೀಟರನ್ನು ಮೇಜಿನ ಮೇಲಿಟ್ಟು ಇನ್ನೂ ಏನೂ ಹೇಳಿರಲಿಲ್ಲ, ಅದೇ ಹುಡುಗ ಗುಂಡಿ ತಿರುಗಿಸಿ, "ಮೊದ್ಲು ದೊಡ್ಡ ರೇಂಜಿಗೇ ಇಟ್ಟಿದೀನಿ ಮೇಡಂ" ಅಂದ.