ಠಾಣೆಯ ರಿಜಿಸ್ಟರಿನ ಆ ಪುಟ

ಹೋದ ವರ್ಷ ಪಕ್ಕದ ಊರಿನ ಹುಡುಗನೊಬ್ಬ ನಮ್ಮ ಮನೆ ಹುಡುಕಿಕೊಂಡು ಬಂದಿದ್ದ. ಮೋಟರ್ ರಿವೈಂಡಿಂಗ್ ಕೆಲಸ ಮಾಡುವವನು. ನಿಂತಲ್ಲೇ ಮೊಬೈಲ್ ತೆಗೆದು ಒಂದು ಸುದ್ದಿಯ ಫೋಟೊ ತೋರಿಸಿ, "ಇದನ್ನ ಬರದವ್ರು ನೀವ ಅಲ್ಲೇನ್ರಿ?" ಅಂದ.

ನಾನೇ ಬರೆದದ್ದು. ಅದಕ್ಕೂ ನಾಲ್ಕು ವರ್ಷ ಹಿಂದಿನ ಸುದ್ದಿ. ಬಸ್ ನಿಲ್ದಾಣದಲ್ಲಿ ಕೂಗಾಡಿ ಬಸ್ಸಿಗೆ ಕಲ್ಲು ಎಸೆದ ಅಂತ ಪೊಲೀಸರು ಅವನನ್ನು ಕರೆದೊಯ್ದಿದ್ದರು. ಸಂಜೆ ನಾನು ಠಾಣೆಗೆ ಹೋದಾಗ ರಿಜಿಸ್ಟರ್ ಮೇಜಿನ ಮೇಲೆ ತೆರೆದೇ ಇತ್ತು. ಪರಿಚಯದ ಪೇದೆ, "ಫೋಟೊ ಹೊಡ್ಕೊ, ಬರ್ಕೊಳ್ಳೋದು ತಪ್ತದ" ಅಂದರು. ಹೆಸರು, ತಂದೆಯ ಹೆಸರು, ವಯಸ್ಸು, ಊರು, 'ಮಾನಸಿಕ ಅಸ್ವಸ್ಥ', ಯಾವ ಆಸ್ಪತ್ರೆಗೆ ಕಳಿಸಿದ್ದು, ಎಲ್ಲ ಒಂದೇ ಪುಟದಲ್ಲಿ. ಹಾಗೇ ಬರೆದು ಕಳಿಸಿದೆ. ಮರುದಿನ 'ಹುಚ್ಚನ ರಂಪಾಟ' ಅಂತ ಬಂತು. ಹೆಡ್ಡಿಂಗ್ ಡೆಸ್ಕಿನವರದು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಮೊದಲ ಸಾಲಿನಲ್ಲಿ ಆ ಪದ ಹಾಕಿದ್ದು ನಾನೇ.

ಅವನು ಜಗಳ ಮಾಡಲಿಲ್ಲ. ಮೂರು ತಿಂಗಳು ಚಿಕಿತ್ಸೆ ಆಯಿತಂತೆ, ಈಗಲೂ ರಾತ್ರಿ ಒಂದು ಮಾತ್ರೆ ತಗೋತಾನೆ, ಕೆಲಸ ಚೆನ್ನಾಗಿ ಮಾಡ್ತಾನೆ. "ಮೋಟರ್ ಹೊರಗ ತಂದು ಕೊಡ್ತಾರ್ರಿ, ಮನಿ ಒಳಗ ಕರಿಯಂಗಿಲ್ಲ. ಜಾತ್ರ್ಯಾಗ ಕುಡದು ತಲಿ ಒಡದವ್ರ ಹೆಸರು ಯಾರಿಗೂ ನೆನಪಿಲ್ಲ. ನಂದು ಮಾತ್ರ ಹುಡುಗರ ಮೊಬೈಲಿನ್ಯಾಗ ಐತಿ."

ಅವತ್ತು ರಾತ್ರಿ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ತೆಗೆದು ಓದಿದೆ. ಡಿಪ್ಲೊಮಾದಲ್ಲಿ ಮಾನನಷ್ಟ, ನ್ಯಾಯಾಂಗ ನಿಂದನೆ ಎಲ್ಲ ಬಾಯಿಪಾಠ ಮಾಡಿದ್ದೆವು, ಇದನ್ನು ಮಾತ್ರ ನಾನು ಮುಟ್ಟಿಯೂ ಇರಲಿಲ್ಲ. ಸೆಕ್ಷನ್ 23 ಪ್ರಕಾರ ರೋಗಿಯ ಕಾಯಿಲೆ, ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು. ಅವನ ಜೀವಕ್ಕೆ ಅಪಾಯ, ಬೇರೆಯವರಿಗೆ ಅಪಾಯ, ಕೋರ್ಟ್ ಆದೇಶ ಇಂಥ ಕೆಲವು ಕಾರಣಗಳಿಗೆ ಮಾತ್ರ ವಿನಾಯಿತಿ. ಸೆಕ್ಷನ್ 24 ನೇರ ನಮ್ಮಂಥವರಿಗೇ: ಚಿಕಿತ್ಸೆಯಲ್ಲಿರುವ ವ್ಯಕ್ತಿಯ ಫೋಟೊ, ಮಾಹಿತಿಯನ್ನು ಅವನ ಒಪ್ಪಿಗೆ ಇಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ. ಕಂಪ್ಯೂಟರಿನಲ್ಲಿ, ಮೊಬೈಲಿನಲ್ಲಿ ಇರುವ ಮಾಹಿತಿಗೂ ಅದು ಅನ್ವಯ. ಕಾಯ್ದೆ ಮೀರಿದರೆ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಸೆಕ್ಷನ್ 100 ಪೊಲೀಸರಿಗೆ. ಕಾಯಿಲೆಯಿಂದ ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುವವರನ್ನು, ತನಗೋ ಬೇರೆಯವರಿಗೋ ಅಪಾಯ ತರಬಹುದಾದವರನ್ನು ಪೊಲೀಸರು ರಕ್ಷಣೆಗೆ ತಗೋಬೇಕು, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿಗೆ ಹಾಕುವಂತೆಯೇ ಇಲ್ಲ. ಪದ ಗಮನಿಸಿ, 'ರಕ್ಷಣೆ'. ಬಂಧನ ಅಲ್ಲ. ನಾನು 'ವಶಕ್ಕೆ' ಅಂತ ಬರೆದಿದ್ದೆ.

ನನಗೆ ತಲೆ ಕೆಡಿಸಿದ್ದು ಇನ್ನೊಂದು. ಆಸ್ಪತ್ರೆಯ ಫೈಲು ಬೀರುವಿನಲ್ಲಿ ಇರುತ್ತದೆ, ನಾವು ಕೇಳಿದರೂ ಡಾಕ್ಟರು ಕೊಡುವುದಿಲ್ಲ. ಆದರೆ ಅದೇ ಕಾಯಿಲೆಯ ಹೆಸರು, ಅದೇ ಆಸ್ಪತ್ರೆಯ ಹೆಸರು ಠಾಣೆಯ ಪುಟದಲ್ಲಿ ಎಲ್ಲರ ಕಣ್ಣಿಗೆ ಬೀಳುತ್ತದೆ. ಒಬ್ಬ ರಿಪೋರ್ಟರ್ ಕ್ಲಿಕ್ ಮಾಡಿದರೆ ಹತ್ತು ನಿಮಿಷದಲ್ಲಿ ತಾಲ್ಲೂಕಿನ ಗ್ರೂಪುಗಳಲ್ಲಿ. ಬೀರುವಿಗೆ ಬೀಗ ಹಾಕಿ ಏನು ಬಂತು?

ನಮ್ಮ ಗೆಳೆಯರು ಒಂದು ಮಾತು ಹೇಳುತ್ತಾರೆ, ಅದನ್ನು ತಳ್ಳಿಹಾಕಲಾರೆ. ಬೇರೆ ರಾಜ್ಯದಿಂದ ದಾರಿತಪ್ಪಿ ಬಂದವರ ಫೋಟೊ ಹಾಕಿದ್ದರಿಂದಲೇ ಮನೆಯವರು ಸಿಕ್ಕಿದ್ದೂ ಉಂಟು. ಮನೆಮಠ ಇಲ್ಲದೆ ಅಲೆಯುವವರು ಸಿಕ್ಕರೆ ಕಾಣೆಯಾದವರ ಎಫ್‌ಐಆರ್ ದಾಖಲಿಸಿ ಕುಟುಂಬ ಹುಡುಕಬೇಕು ಅಂತ ಅದೇ ಸೆಕ್ಷನ್ 100 ಪೊಲೀಸರಿಗೆ ಹೇಳಿದೆ. ಅದಕ್ಕೆ ಮುಖ ಬೇಕಾದೀತು, ಒಪ್ಪುತ್ತೇನೆ. ಮುಖದ ಕೆಳಗೆ ಕಾಯಿಲೆ ಯಾಕೆ ಬೇಕು? ನಮ್ಮ ಹುಡುಗನ ವಿಷಯದಲ್ಲಂತೂ ಮುಖವೂ ಬೇಕಿರಲಿಲ್ಲ. ಅವನ ಅವ್ವ ಠಾಣೆಯ ಹೊರಗೇ ಕೂತಿದ್ದಳು. ನಾನು ಅವಳನ್ನು ದಾಟಿಕೊಂಡೇ ಒಳಗೆ ಹೋಗಿದ್ದೆ.

ಪತ್ರಿಕೆಗೆ ಮೂರು ಸಲ ಬರೆದ ಮೇಲೆ ವೆಬ್‌ಸೈಟಿನ ಸುದ್ದಿ ತೆಗೆದರು. ಇ-ಪೇಪರಿನ ಪುಟ ಹಾಗೇ ಇದೆ. ಫಾರ್ವರ್ಡ್ ಆಗಿದ್ದನ್ನು ಯಾರಿಗೆ ಬರೆದು ಕೇಳಲಿ? ಈಗ ಠಾಣೆಗೆ ಹೋದರೆ ಆ ರಿಜಿಸ್ಟರ್ ಮುಚ್ಚಿಡಿ ಅಂತ ಹೇಳುತ್ತೇನೆ. "ದೊಡ್ಡ ಮನುಷ್ಯ ಆಗೀ ಬಿಡು" ಅಂತ ನಗುತ್ತಾರೆ, ಒಮ್ಮೊಮ್ಮೆ ಮುಚ್ಚುತ್ತಾರೆ.

ಯುಗಾದಿ ಹಿಂದುಮುಂದಿನಲ್ಲಿ ನಮ್ಮ ಬಾವಿಯ ಮೋಟರ್ ಸುಟ್ಟಿತು. ಅವನಿಗೇ ಫೋನ್ ಮಾಡಿದೆ. ಬಿಚ್ಚಿ, ಸುತ್ತಿ, ಕೂಡಿಸಿ, ಸ್ವಿಚ್ ಹಾಕಿ ನೀರು ಬರುವವರೆಗೆ ಕಾದ. ಒಳಗೆ ಕೂತು ಚಹಾ ಕುಡಿಯುವಾಗ ಕೇಳಿದ, "ಆ ಪೇಪರ್ ಇನ್ನೂ ಐತೇನ್ರಿ?"

"ಐತಿ" ಅಂದೆ.